ತ್ಯಾಜ್ಯ ನೀರಿನಿಂದ ಗೊಬ್ಬರದ ಹರಳು

ಆಂಡರ್ಸನ್‌ಪೇಟೆ (ಕೆಜಿಎಫ್): ಅದಿರಿನ ಪುಡಿಯಲ್ಲಿದ್ದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ಮತ್ತೆ ಘನರೂಪದಲ್ಲಿ ಪಡೆಯುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸೈನೈಡ್ ದಿಬ್ಬಗಳು ಉಳಿದವು. ಕಾರ್ಖಾನೆ ಹಾಗೂ ನಗರಗಳ ತ್ಯಾಜ್ಯ ನೀರಿನಲ್ಲಿ ಕರಗಿರುವ ರಂಜಕ, ಸಾರಜನಕಗಳನ್ನು ಹರಳುಗಟ್ಟಿಸಿ ಗೊಬ್ಬರವಾಗಿ ಮರಳಿ ಪಡೆಯುವ ವಿಧಾನದ ತಿರುಳೂ ಇದಕ್ಕೆ ಹತ್ತಿರದ್ದೇ.

ಈ ಹರಳಿನ ಹೆಸರು ಸ್ಟ್ರುವೈಟ್. ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಒಂದಕ್ಕೊಂದರಂತೆ ಕೂಡಿ, ಆರು ನೀರಿನ ಅಣುಗಳೊಡನೆ ಇದು ರೂಪುಗೊಳ್ಳುತ್ತದೆ. ತೂಕದಲ್ಲಿ ಶೇ 12.6ರಷ್ಟು ರಂಜಕ, ಶೇ 5.7ರಷ್ಟು ಸಾರಜನಕವಿರುತ್ತದೆ. ಮೂತ್ರಪಿಂಡದ ಕೆಲವು ಕಲ್ಲುಗಳೂ ಇದೇ ವಸ್ತು. ತ್ಯಾಜ್ಯದಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ಮೆಗ್ನೀಸಿಯಂ. ಹೀಗಾಗಿ ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿ, ಪಿಎಚ್ ಮೌಲ್ಯವನ್ನು 8ರಿಂದ 9ರ ಆಸುಪಾಸಿಗೆ ಏರಿಸಲಾಗುತ್ತದೆ. ಗೋಪುರದಂತಹ ತೊಟ್ಟಿಯಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹರಿಯುವಾಗ ಸಣ್ಣ ಹರಳುಗಳು ತೇಲಾಡುತ್ತ ಬೆಳೆದು, ಭಾರವಾದಂತೆ ತಳಕ್ಕಿಳಿಯುತ್ತವೆ.

ಸ್ಟ್ರುವೈಟ್ ಮೊದಲು ಎಂಜಿನಿಯರುಗಳಿಗೆ ಕಾಟವಾಗಿಯೇ ಪರಿಚಿತ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಹೈಪೀರಿಯನ್ ಘಟಕದ ಕೊಳವೆಗಳಲ್ಲಿ ಇದು ಗಟ್ಟಿಯಾಗಿ ಕಟ್ಟಿಕೊಂಡಿತ್ತು. 2007ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಓಸ್ಟಾರ ಸಂಸ್ಥೆ ಇದನ್ನೇ ಗೊಬ್ಬರವಾಗಿ ತೆಗೆಯಲಾರಂಭಿಸಿತು. ಆ ಘಟಕದ ಹೆಸರು ಗೋಲ್ಡ್ ಬಾರ್ ಎಂಬುದು ಚಿನ್ನದ ನಾಡಿನವರಿಗೆ ಸ್ವಾರಸ್ಯವೆನಿಸಬಹುದು.

ಕೋಲಾರ ಜಿಲ್ಲೆಗೆ ಇದು ದೂರದ ಮಾತಲ್ಲ. 2018ರ ಜೂನ್‌ನಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಮರು ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣಕ್ಕೆ ರೈತ ಹೋರಾಟಗಾರರು ಒತ್ತಾಯಿಸುತ್ತಲೇ ಬಂದಿದ್ದಾರೆ. ಎರಡನೇ ಹಂತದ ಬಳಿಕವೂ ನೀರಿನಲ್ಲಿ ಉಳಿಯುವ ರಂಜಕ ಕೆರೆಯಲ್ಲಿ ಪಾಚಿಗೆ, ಜೊಂಡಿಗೆ ಆಹಾರವಾಗುತ್ತದೆ.

ಹಾಗೆಂದು ಕೆರೆಯ ದಡದಲ್ಲಿ ಹರಳು ತೆಗೆಯಲಾಗದು. ಸಂಸ್ಕರಿತ ನೀರಿನಲ್ಲಿ ರಂಜಕ ಲೀಟರಿಗೆ ಕೆಲವೇ ಮಿಲಿಗ್ರಾಂ. ಅಷ್ಟು ತೆಳುವಾದ ದ್ರಾವಣದಲ್ಲಿ ಸ್ಟ್ರುವೈಟ್ ಲಾಭದಾಯಕವಾಗಿ ಕಟ್ಟುವುದಿಲ್ಲ. ಮೂಲದಲ್ಲೇ ಹಿಡಿಯಬೇಕು: ಸಂಸ್ಕರಣಾ ಘಟಕದ ಕೆಸರು ಹಿಂಡಿದಾಗ ಬರುವ ದಟ್ಟ ದ್ರವದಲ್ಲಿ, ಹಾಲಿನ ಡೇರಿ, ಆಲೂಗಡ್ಡೆ ಸಂಸ್ಕರಣೆ, ರಸಗೊಬ್ಬರ ಕಾರ್ಖಾನೆಗಳ ತ್ಯಾಜ್ಯದಲ್ಲಿ. ಲೋಹ ಲೇಪನದಂತಹ ಉದ್ದಿಮೆಗಳ ನೀರು ಬೆರೆತರೆ ಭಾರಲೋಹಗಳು ಹರಳಿಗೂ ಸೇರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಹೊಲಕ್ಕೆ ಹಾಕುವಂತಿಲ್ಲ.

ಒಂದು ಕಿಲೋ ರಂಜಕದಿಂದ ಸುಮಾರು ಎಂಟು ಕಿಲೋ ಸ್ಟ್ರುವೈಟ್ ದೊರೆಯುತ್ತದೆ. ನೀರಿನಲ್ಲಿ ನಿಧಾನವಾಗಿ ಕರಗುವ ಇದು ಮಳೆಗೆ ಬೇಗ ಕೊಚ್ಚಿಹೋಗದು. ಫಾಸ್ಫೇಟ್ ಶಿಲೆಗೆ ಬಹುಪಾಲು ಆಮದನ್ನೇ ನೆಚ್ಚಿರುವ ದೇಶದಲ್ಲಿ ಇದು ಸಣ್ಣ ಲೆಕ್ಕವಲ್ಲ. ಆದರೆ ಮೆಗ್ನೀಸಿಯಂ ಮತ್ತು ಕ್ಷಾರದ ಖರ್ಚನ್ನು ಗೊಬ್ಬರದ ಮಾರಾಟವೊಂದೇ ತುಂಬಿಕೊಡುವುದು ಕಷ್ಟ. ಕೊಳವೆ ಕಟ್ಟಿಕೊಳ್ಳುವುದು ತಪ್ಪಿದ ಉಳಿತಾಯವನ್ನೂ ಘಟಕಗಳು ಲೆಕ್ಕಕ್ಕೆ ಹಿಡಿಯುತ್ತವೆ.