ವಾಸಸ್ಥಳ ಬದಲಾವಣೆ: ಕುಟುಂಬದವರು ತಿಳಿದಿರಬೇಕಾದ ಅಂಶಗಳು

ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಹೊಳಲು ಗ್ರಾಮದಿಂದ ಬೆಂಗಳೂರು ಮುಂತಾದ ನಗರಗಳಿಗೆ ತೆರಳುವ ಕುಟುಂಬದವರು ಸಾಮಾನು ಸಾಗಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಪಡಿತರ: ಚೀಟಿಯನ್ನು ರದ್ದುಪಡಿಸುವ ಅಗತ್ಯವಿರುವುದಿಲ್ಲ. 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳು ಆಧಾರ್ ದೃಢೀಕರಣ ನೀಡಿ ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಆಹಾರಧಾನ್ಯ ಪಡೆಯಬಹುದು. ಊರಿನಲ್ಲಿರುವ ಸದಸ್ಯರು ಅದೇ ಚೀಟಿಯ ಉಳಿದ ಪಾಲನ್ನು ಪಡೆಯಲು ಅವಕಾಶವಿರುತ್ತದೆ.

2. ಶಾಲೆ: ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರಂತೆ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಬಯಸುವ 1ರಿಂದ 8ನೇ ತರಗತಿಯ ಮಕ್ಕಳಿಗೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ನೀಡತಕ್ಕದ್ದು. ಪ್ರಮಾಣಪತ್ರ ತಡವಾದ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ.

3. ಮತದಾರರ ಪಟ್ಟಿ: ಖಾಯಂ ಆಗಿ ನೆಲೆಸಿದವರು ಹೊಸ ವಿಳಾಸದ ಪುರಾವೆಯೊಂದಿಗೆ ನಮೂನೆ 8ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಎರಡು ಕಡೆ ಹೆಸರು ಇರುವಂತಿಲ್ಲ. ದುಡಿಮೆಗಾಗಿ ಕೆಲವು ತಿಂಗಳು ಮಾತ್ರ ಹೋಗಿ ಮರಳುವವರು ಅರ್ಜಿ ಸಲ್ಲಿಸಬೇಕಾಗಿಲ್ಲ. ತಾತ್ಕಾಲಿಕ ಗೈರುಹಾಜರಿಯ ಕಾರಣದಿಂದಲೇ ಸ್ವಗ್ರಾಮದ ಮತದಾನದ ಹಕ್ಕು ಹೋಗುವುದಿಲ್ಲ.

ಮೂಲ ದಾಖಲೆಗಳನ್ನು ಸಾಮಾನಿನೊಂದಿಗೆ ಕಟ್ಟದೆ ಕೈಯಲ್ಲಿಯೇ ಇಟ್ಟುಕೊಳ್ಳುವುದು ಸೂಕ್ತ.