ಕಡಲಿಗಿಳಿದವರಿಗೆ ಮುಟ್ಟಿದ ವಾರ್ತೆ

ಸಮುದ್ರವನ್ನು ನಂಬಿ ಬಾಳುವ ಬೆಸ್ತರಿಗೆ ಗಾಳಿಯ ಗತಿಯನ್ನೂ ಅಲೆಯ ಏರಿಳಿತವನ್ನೂ ಅರಿಯುವ ವಿದ್ಯೆಯು ಪಿತ್ರಾರ್ಜಿತವಾದುದು. ಅಕ್ಷರವನ್ನರಿಯದ ಮುದುಕನೂ ಮೋಡದ ಬಣ್ಣವನ್ನು ನೋಡಿ ದೋಣಿಯನ್ನು ಮರಳಿನ ಮೇಲೆಯೇ ನಿಲ್ಲಿಸುವನು. ಆದರೆ ನೂರಾರು ಹರದಾರಿಗಳಾಚೆ ಹುಟ್ಟಿ ಬರುವ ಚಂಡಮಾರುತವು ಆ ಕಣ್ಣಿಗೆ ಗೋಚರವಾಗದು. ಅದನ್ನು ಬಲ್ಲುದು ಸರ್ಕಾರದ ಹವಾಮಾನ ಶಾಖೆ. ತಿಳಿಯಬೇಕಾದವನು ದೋಣಿಯಲ್ಲಿರುವ ಬೆಸ್ತನು. ಈ ಎರಡರ ನಡುವಣ ದೂರವನ್ನು ಯಂತ್ರಗಳಿಂದ ದಾಟಲು ದಕ್ಷಿಣ ಭಾರತದ ತೀರದಲ್ಲಿ ನಡೆದ ಪ್ರಯತ್ನಕ್ಕೆ ಕಾಲು ಶತಮಾನದ ಮೇಲೆ ಸ್ವಲ್ಪ ವಯಸ್ಸಾಯಿತು.

1998ರಲ್ಲಿ ಕೃಷಿವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಅವರ ಹೆಸರಿನ ಸಂಶೋಧನ ಪ್ರತಿಷ್ಠಾನವು ಪಾಂಡಿಚೇರಿಯ ಹಳ್ಳಿಗಳಲ್ಲಿ ಜ್ಞಾನಕೇಂದ್ರಗಳನ್ನು ತೆರೆಯಲಾರಂಭಿಸಿತು. ವಿಲ್ಲಿಯನೂರಿನಲ್ಲಿ ಮೂಲಕೇಂದ್ರವಿದ್ದಿತು, ಅಲ್ಲಿಂದ ಹಳ್ಳಿಗಳ ಗಣಕಯಂತ್ರಗಳಿಗೆ ನಿಸ್ತಂತುವಿನ ಮೂಲಕ ವಾರ್ತೆಗಳು ಹೋಗುತ್ತಿದ್ದವು. ಬೆಸ್ತರ ಊರಾದ ವೀರಾಂಪಟ್ಟಿಣದಲ್ಲಿ ಅಮೆರಿಕದ ನೌಕಾಪಡೆಯು ಅಂತರಜಾಲದಲ್ಲಿ ಪ್ರಕಟಿಸುತ್ತಿದ್ದ ಅಲೆಗಳ ಎತ್ತರದ ಮುನ್ಸೂಚನೆಯನ್ನು ಪಡೆದು, ಬೀದಿಯ ಧ್ವನಿವರ್ಧಕದಲ್ಲಿ ತಮಿಳಿನಲ್ಲಿ ಸಾರುತ್ತಿದ್ದರು. ಬಲೆಯನ್ನು ಸರಿಪಡಿಸುತ್ತಿದ್ದವನು ಕೈ ನಿಲ್ಲಿಸದೆಯೇ ಅದನ್ನು ಕೇಳಬಹುದಾಗಿದ್ದಿತು. ಸ್ವದೇಶದ ಕಡಲಿನ ಅಳತೆಯನ್ನು ಪರದೇಶದ ನೌಕಾಪಡೆಯಿಂದ ತಿಳಿಯಬೇಕಾಗಿದ್ದುದು ವಿಚಿತ್ರವೇ ಸರಿ. ಸರ್ಕಾರದ ಸಹಾಯ ಯೋಜನೆಗಳು, ಬಡತನದ ರೇಖೆಯ ಕೆಳಗಿನ ಕುಟುಂಬಗಳ ಪಟ್ಟಿಗಳು ಮುಂತಾದ, ಕಚೇರಿಯ ಕಡತಗಳಲ್ಲಿ ಅಡಗಿದ್ದ ವಿಷಯಗಳೂ ಈ ಕೇಂದ್ರಗಳ ಮೂಲಕ ಹೊರಬಂದವು.

1999ರಲ್ಲಿ ಹೈದರಾಬಾದಿನಲ್ಲಿ ಸಾಗರ ಮಾಹಿತಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಸ್ಥಾಪಿತವಾಯಿತು. ಕೃತಕ ಉಪಗ್ರಹಗಳು ನೀರಿನ ಮೇಲ್ಮೈಯ ಉಷ್ಣತೆಯನ್ನೂ ಸೂಕ್ಷ್ಮ ಸಸ್ಯಗಳಿಂದುಂಟಾಗುವ ಹಸುರು ವರ್ಣವನ್ನೂ ಅಳೆಯುವುವು. ಅವುಗಳಿಂದ ಮೀನು ಕೂಡುವ ಸ್ಥಳವನ್ನು ಊಹಿಸಿ, ಇಂತಹ ಬಂದರಿನಿಂದ ಇಂತಹ ದಿಕ್ಕಿನಲ್ಲಿ ಇಷ್ಟು ದೂರವೆಂದು ಈ ಸಂಸ್ಥೆಯು ತಿಳಿಸುವುದು.

2004ರ ಡಿಸೆಂಬರ್ 26ರಂದು ಈ ವ್ಯವಸ್ಥೆಗೆ ಯಾರೂ ನೆನೆಯದ ಪರೀಕ್ಷೆಯೊದಗಿತು. ಹಿಂದೂ ಮಹಾಸಾಗರಕ್ಕೆ ಆಗ ಸುನಾಮಿಯ ಮುನ್ನೆಚ್ಚರಿಕೆಯ ಏರ್ಪಾಡೇ ಇರಲಿಲ್ಲ. ನಲ್ಲವಾಡು ಎಂಬ ಊರಿನ ತರುಣನೊಬ್ಬನು ಸಿಂಗಪುರದಲ್ಲಿದ್ದು, ದೂರದರ್ಶನದಲ್ಲಿ ವಾರ್ತೆಯನ್ನು ಕಂಡು ಮನೆಗೆ ದೂರವಾಣಿಯಲ್ಲಿ ತಿಳಿಸಿದನು. ಊರವರು ಜ್ಞಾನಕೇಂದ್ರದ ಬಾಗಿಲನ್ನು ಒಡೆದು, ನಿತ್ಯವೂ ಅಲೆಗಳ ವಾರ್ತೆಯನ್ನು ಹೇಳುತ್ತಿದ್ದ ಆ ಧ್ವನಿವರ್ಧಕದಲ್ಲಿಯೇ ಎಲ್ಲರೂ ಓಡಿರೆಂದು ಕೂಗಿದರು. ಮನೆಗಳೂ ದೋಣಿಗಳೂ ಹೋದವು. ಸುಮಾರು 3,600 ಜನರ ಪ್ರಾಣವುಳಿಯಿತು. ಸುನಾಮಿಯ ಮುನ್ನೆಚ್ಚರಿಕೆಗಾಗಿ ಸರ್ಕಾರದ ಕೇಂದ್ರವು ಹೈದರಾಬಾದಿನಲ್ಲಿ ಆರಂಭವಾದುದು 2007ರಲ್ಲಿ.

ಧ್ವನಿವರ್ಧಕದ ಕೂಗಾದರೋ ಮರಳದಂಡೆಯವರೆಗೆ ಮಾತ್ರ. ದೋಣಿಗೆ ಸಂಗಾತಿಯಾಗಿ ಬಂದ ಕೈದೂರವಾಣಿಯ ಎಲ್ಲೆಯೂ ತೀರದಿಂದ 10–12 ಕಿಲೋಮೀಟರುಗಳಷ್ಟೇ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನ ಕಡೆಯವರು ವಾರಗಟ್ಟಲೆ ಆಳಸಮುದ್ರದಲ್ಲಿಯೇ ಇರತಕ್ಕವರು. 2017ರ ನವೆಂಬರ್ 30ರಂದು ಓಖಿ ಚಂಡಮಾರುತವು ಬೀಸಿದಾಗ, ದಡದಲ್ಲಿ ಹೊರಟ ಎಚ್ಚರಿಕೆಯು ಮುಂಚೆಯೇ ಕಡಲಿಗೆ ಹೋಗಿದ್ದ ಇಂತಹವರಿಗೆ ಮುಟ್ಟಲಿಲ್ಲ. ತಮಿಳುನಾಡು ಕೇರಳಗಳ ನೂರಾರು ಮೀನುಗಾರರು ಮಡಿದರು ಇಲ್ಲವೆ ಕಾಣೆಯಾದರು. ವಾರ್ತೆಯು ಸಿದ್ಧವಾಗಿತ್ತೆಂಬುದು ಅವರ ಹೆಂಡಿರು ಮಕ್ಕಳಿಗೆ ಯಾವ ಸಮಾಧಾನ?

ಆ ಮೇಲೆ 2019ರಲ್ಲಿ ಬಂದ ‘ಜೆಮಿನಿ’ ಎಂಬ ಉಪಕರಣವು ಉಪಗ್ರಹದಿಂದ ನೇರವಾಗಿ ವಾರ್ತೆಯನ್ನು ಪಡೆದು ಬೆಸ್ತನ ದೂರವಾಣಿಯಲ್ಲಿ ತೋರಿಸಿತು. ದಡದ ಮಾತು ದೋಣಿಗೆ ಬಂದಿತಾದರೂ ದೋಣಿಯಿಂದ ದಡಕ್ಕೆ ಉತ್ತರ ಹೋಗುವಂತಿರಲಿಲ್ಲ. ಮುಳುಗುವವನು ಕೇಳಬಹುದು, ಕೂಗಲಾರನು! 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಪ್ರಾರಂಭವಾದ ಯೋಜನೆಯು ಈ ಕೊರತೆಗಾಗಿ ಏರ್ಪಟ್ಟುದು. 13 ಕರಾವಳಿ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ನೌಕೆಗಳಿಗೆ, ಎರಡೂ ಕಡೆಯಿಂದ ವಾರ್ತೆ ಕಳುಹಿಸಬಲ್ಲ ಯಂತ್ರಗಳನ್ನು ಬೆಲೆಯಿಲ್ಲದೆ ಕೊಡುವುದಕ್ಕೆ ಸುಮಾರು 364 ಕೋಟಿ ರೂಪಾಯಿಗಳು ನಿಗದಿಯಾದವು. ಕರ್ನಾಟಕದ ತೀರವೂ ಅದರೊಳಗಿನದು. ಯೋಜನೆಯು ಹೇಳಿರುವುದು ಯಂತ್ರವುಳ್ಳ ನೌಕೆಗಳನ್ನು. ಹುಟ್ಟು ಹಾಕುತ್ತ ಹೋಗುವ ಕಟ್ಟುಮರದವನ ಹೆಸರು ಈ ಲಕ್ಷದ ಎಣಿಕೆಯಲ್ಲಿಲ್ಲ.