ಟೆಂಟ್ ಹೊರೋದು ಯಾರು?

ಹೋದ ವರ್ಷ ನಾವು ನಾಲ್ಕು ಜನ ಗೆಳೆಯರು ಉತ್ತರಾಖಂಡದ ಪಿಂಡಾರಿ ಕಡೆಗೆ ಟ್ರೆಕ್ ಹೊರಟಾಗ, ಬುಕಿಂಗ್ ಮಾಡಿಕೊಟ್ಟವರಿಗೆ ಫೋನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ‘ಟೆಂಟ್ ತೂಕ ಎಷ್ಟು ಸರ್?’ ಆ ಕಡೆಯವರು ನಕ್ಕುಬಿಟ್ಟರು. ‘ಅದರ ಚಿಂತೆ ನಿಮಗ್ಯಾಕೆ, ಹೇಸರಗತ್ತೆ ಹೊರುತ್ತೆ.’

ನಾನು ಬಿ.ಕಾಂ. ಓದಿದವನು. ಬಿಲ್ಲಲ್ಲಿ ಕಾಣದ ಖರ್ಚು ಇದ್ದರೆ ಅದು ಯಾರ ಖಾತೆಗೆ ಹೋಯ್ತು ಅಂತ ಹುಡುಕೋದು ನಮಗೆ ಕಲಿಸಿಕೊಟ್ಟ ಚಾಳಿ. ಹಾಗಾಗಿ ಇವತ್ತಿನ ಕಂತು ಟೆಂಟಿನ ಇತಿಹಾಸ. ಅದರಲ್ಲೂ ಬೇಟೆಗಾರರ ಟೆಂಟು. ಯಾಕಂದ್ರೆ ರಸ್ತೆಯಿಲ್ಲದ ಕಾಡಿಗೆ ಮೂರ್ನಾಲ್ಕು ಜನ ಹೋಗಿ ವಾರಗಟ್ಟಲೆ ಇರೋದನ್ನ ಮೊದಲು ಲೆಕ್ಕ ಹಾಕಿ ಮಾಡಿದವರು ಅವರೇ. ಮೊದಲೇ ಹೇಳಿಬಿಡ್ತೀನಿ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಇಲ್ಲ. ನಮಗೆ ಬೇಕಾಗಿರೋದು ಅವರ ಲೆಕ್ಕ ಮಾತ್ರ.

ಮೊದಲು ಉತ್ತರ ಅಮೆರಿಕದ ಬಯಲು ಸೀಮೆಗೆ ಹೋಗೋಣ. ಲಕೋಟಾ, ಷೆಯೆನ್ ಥರದ ಜನಾಂಗಗಳು ಕಾಡೆಮ್ಮೆ ಹಿಂಡಿನ ಹಿಂದೆ ಅಲೆಯುತ್ತಿದ್ದವು. ಅವರ ಮನೆ ಟೀಪಿ. ಉದ್ದನೆಯ ಕಂಬಗಳನ್ನ ಶಂಕುವಿನ ಆಕಾರದಲ್ಲಿ ನಿಲ್ಲಿಸಿ, ಮೇಲೆ ಹೊಲಿದ ಕಾಡೆಮ್ಮೆ ಚರ್ಮ ಸುತ್ತೋದು. ತುದಿಯಲ್ಲಿ ಹೊಗೆ ಹೋಗೋಕೆ ಎರಡು ರೆಕ್ಕೆ, ಗಾಳಿ ಯಾವ ಕಡೆಯಿಂದ ಬೀಸುತ್ತೋ ನೋಡಿಕೊಂಡು ತಿರುಗಿಸಬಹುದು. ಒಳಗೆ ಬೆಂಕಿ ಹಾಕಬಹುದು, ಒದ್ದೆ ಬಟ್ಟೆ ಒಣಗಿಸಬಹುದು. ಬೇಟೆಗೆ ಹೋಗೋರು ಗಂಡಸರು. ಆದ್ರೆ ಟೀಪಿ ಹೊಲಿಯೋರು, ನಿಲ್ಲಿಸೋರು, ಬಿಚ್ಚೋರು ಹೆಂಗಸರು, ಮಾಲಕಿಯರೂ ಅವರೇ.

ಕುದುರೆ ಬರೋಕೆ ಮುಂಚೆ ಅವರ ಸಾಮಾನು ಎಳೀತಿದ್ದದ್ದು ನಾಯಿಗಳು. ಎರಡು ಕೋಲು ಕಟ್ಟಿ ಅದರ ಮೇಲೆ ಹೊರೆ ಹೇರಿ ನೆಲದ ಮೇಲೆ ಎಳೆಸೋದು. ನಾಯಿ ಎಷ್ಟು ಎಳೀಬಹುದೋ ಟೀಪಿ ಅಷ್ಟೇ ಚಿಕ್ಕದು. ಸ್ಪೇನಿನವರು ತಂದ ಕುದುರೆ ಈ ಜನರ ಕೈಗೆ ಸಿಕ್ಕಮೇಲೆ ಟೀಪಿಗಳೂ ದೊಡ್ಡದಾದವು. ಅಂದ್ರೆ ಟೆಂಟಿನ ಅಳತೆ ತೀರ್ಮಾನ ಮಾಡಿದ್ದು ಅದನ್ನ ಎಳೆಯೋ ಪ್ರಾಣಿ.

19ನೇ ಶತಮಾನದ ಕೊನೆಯ ಹೊತ್ತಿಗೆ ಚರ್ಮದ ವ್ಯಾಪಾರಕ್ಕಾಗಿ ಕಾಡೆಮ್ಮೆಗಳನ್ನ ಎಷ್ಟು ಕೊಂದರು ಅಂದ್ರೆ, ಕೋಟಿಗಳ ಲೆಕ್ಕದಲ್ಲಿದ್ದ ಪ್ರಾಣಿ ಕೆಲವೇ ನೂರಕ್ಕೆ ಇಳೀತು. ಟೀಪಿಗೆ ಚರ್ಮವೇ ಇಲ್ಲ. ಅದರ ಜಾಗಕ್ಕೆ ಕ್ಯಾನ್ವಾಸ್ ಬಂತು. ಇನ್ನೊಂದು ಕಡೆ, ಹೆನ್ರಿ ಸಿಬ್ಲಿ ಅನ್ನೋ ಅಮೆರಿಕದ ಸೇನಾಧಿಕಾರಿ ಟೀಪಿಯನ್ನ ನೋಡಿಯೇ ಶಂಕುವಿನಾಕಾರದ ಟೆಂಟ್ ಮಾಡಿ 1856ರಲ್ಲಿ ಪೇಟೆಂಟ್ ತಗೊಂಡಿದ್ದ. ಮೂಲ ವಿನ್ಯಾಸ ಮಾಡಿದ ಹೆಂಗಸರಿಗೆ ರಾಯಲ್ಟಿ? ಕೇಳಲೇಬೇಡಿ.

ಈಗ ನಮ್ಮ ಹಿಮಾಲಯಕ್ಕೆ ಬರೋಣ. ಬ್ರಿಟಿಷರ ಕಾಲದಲ್ಲಿ ಟೆಂಟಿಗೆ ಹೆಸರೇ ಅದರ ತೂಕ. 40 ಪೌಂಡಿನದು, 80 ಪೌಂಡಿನದು, 180 ಪೌಂಡಿನದು. ನಮ್ಮ ಲೆಕ್ಕದಲ್ಲಿ ಸುಮಾರು 18, 36, 82 ಕೆಜಿ. 40 ಪೌಂಡಿನದು ‘ಹಗುರ’ ಟೆಂಟು! ಹತ್ತಿ ಬಟ್ಟೆ ಬೇರೆ, ಮಳೆ ಬಿದ್ದರೆ ನೀರು ಕುಡಿದು ಇನ್ನೂ ಭಾರ. ಮೇಜು, ಕುರ್ಚಿ, ಸ್ನಾನದ ತೊಟ್ಟಿ ಇದರ ಮೇಲೆ. ಇಷ್ಟು ಭಾರದ್ದನ್ನ ಸಾಹೇಬರು ಯಾಕೆ ಆರಿಸ್ತಿದ್ದರು? ಭಾರ ಅವರ ಬೆನ್ನ ಮೇಲೆ ಇರಲಿಲ್ಲ, ಅದಕ್ಕೆ.

ಕುಮಾಊಂನಲ್ಲಿ ‘ಕೂಲಿ ಬೇಗಾರ್’ ಅಂತ ಒಂದು ಪದ್ಧತಿ ಇತ್ತು. ಪ್ರವಾಸಕ್ಕೆ ಬಂದ ಅಧಿಕಾರಿಗಳ, ಶಿಕಾರಿಗೆ ಬಂದ ಸಾಹೇಬರ ಸಾಮಾನನ್ನ ಊರಿನ ರೈತರು ಸರದಿ ಪ್ರಕಾರ ಹೊರಬೇಕು. ಎಷ್ಟೋ ಸಲ ಕೂಲಿಯೇ ಇಲ್ಲ, ಕೊಟ್ಟರೂ ಪುಡಿಗಾಸು. ಯಾರ ಸರದಿ ಅಂತ ಗೊತ್ತಾಗೋಕೆ ಊರಿನ ಮುಖಂಡನ ಹತ್ತಿರ ಒಂದು ರಿಜಿಸ್ಟರ್. ಬಿತ್ತನೆ ಇರಲಿ, ಕೊಯ್ಲು ಇರಲಿ, ಹೆಸರು ಕೂಗಿದರೆ ಹೊರಡಲೇಬೇಕು. ಇದರ ಜೊತೆ ಹಾಲು, ಸೌದೆ, ಧಾನ್ಯ ಒದಗಿಸೋದಕ್ಕೆ ‘ಬರ್ದಾಯಿಶ್’ ಅಂತ ಇನ್ನೊಂದು ಹೆಸರು.

1921ರ ಜನವರಿ, ನಮಗೆ ಸಂಕ್ರಾಂತಿ, ಅಲ್ಲಿ ಉತ್ತರಾಯಣಿ ಜಾತ್ರೆ. ಸರಯೂ ಮತ್ತು ಗೋಮತಿ ನದಿಗಳು ಸೇರೋ ಬಾಗೇಶ್ವರದಲ್ಲಿ ಸಾವಿರಾರು ಜನ ಸೇರಿದ್ದರು. ಬದರಿ ದತ್ತ ಪಾಂಡೆ, ಹರಗೋವಿಂದ ಪಂತ್ ಮುಂತಾದವರ ಮುಂದಾಳತ್ವ. ಇನ್ನು ಮೇಲೆ ಬೇಗಾರ್ ಕೊಡಲ್ಲ ಅಂತ ಜನ ಪ್ರತಿಜ್ಞೆ ಮಾಡಿದರು. ಊರ ಮುಖಂಡರು ತಂದ ರಿಜಿಸ್ಟರುಗಳನ್ನ ಒಂದೊಂದಾಗಿ ಸರಯೂ ನದಿಗೆ ಎಸೆದರು. ಗುಂಡು ಹಾರಲಿಲ್ಲ, ರಕ್ತ ಹರಿಯಲಿಲ್ಲ. ಸ್ವಲ್ಪ ದಿನದಲ್ಲೇ ಸರ್ಕಾರ ಆ ಪದ್ಧತಿಯನ್ನ ಕೈಬಿಡಬೇಕಾಯ್ತು. ಲೆಕ್ಕದ ಪುಸ್ತಕ ನೀರಿಗೆ ಹಾಕಿ ಗೆದ್ದ ಚಳವಳಿ! ಕಾಮರ್ಸ್ ತರಗತಿಯಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ ನೋಡಿ.

ಮೂರನೆಯವನು ಒಬ್ಬ ಚಪ್ಪಲಿ ಹೊಲಿಯುವವ. ಜಾರ್ಜ್ ವಾಷಿಂಗ್ಟನ್ ಸಿಯರ್ಸ್, ‘ನೆಸ್ಮಕ್’ ಅನ್ನೋ ಹೆಸರಲ್ಲಿ ಬರೀತಿದ್ದ. ತೂಕ ಹೆಚ್ಚುಕಮ್ಮಿ 50 ಕೆಜಿ, ಆರೋಗ್ಯವೂ ಅಷ್ಟಕ್ಕಷ್ಟೆ. ಆಗ ಅಮೆರಿಕದ ಅಡಿರಾಂಡಾಕ್ ಕಾಡಿಗೆ ಬರೋ ಶ್ರೀಮಂತರು ದೋಣಿ ಹೊರೋಕೆ, ಡೇರೆ ಹಾಕೋಕೆ ಗೈಡ್ ಇಟ್ಟುಕೊಳ್ತಿದ್ದರು. ಇವನ ಹತ್ತಿರ ಅಷ್ಟು ದುಡ್ಡಿಲ್ಲ. ಹಾಗಾಗಿ ಎಲ್ಲವನ್ನೂ ಹಗುರ ಮಾಡಿದ. 1883ರಲ್ಲಿ ಅವನಿಗಾಗಿ ಕಟ್ಟಿದ ದೋಣಿಯ ತೂಕ 5 ಕೆಜಿಗೂ ಕಡಿಮೆ. ಟೆಂಟು ಅಂದ್ರೆ ಮುಂಭಾಗ ತೆರೆದ ತೆಳು ಹತ್ತಿ ಬಟ್ಟೆ, ಸುಣ್ಣ ಮತ್ತು ಪಟಿಕದ ನೀರಲ್ಲಿ ನೆನೆಸಿ ಜಲನಿರೋಧಕ ಮಾಡಿದ್ದು, ಎದುರಿಗೆ ಬೆಂಕಿ. 1884ರಲ್ಲಿ ‘ವುಡ್‌ಕ್ರಾಫ್ಟ್’ ಅಂತ ಪುಸ್ತಕ ಬರೆದ. ಇವತ್ತಿನ ಹಗುರ ಬ್ಯಾಗ್‌ಪ್ಯಾಕಿಂಗ್ ಜನ ಅವನನ್ನ ಹಿರಿಯ ಅಂತಲೇ ಕರೀತಾರೆ.

ಈಗಿನ ಬೇಟೆಗಾರರ ಆಯ್ಕೆ ನೋಡಿದ್ರೆ ಈ ಹಳೆಯ ಪಾಠಗಳೆಲ್ಲ ಅಲ್ಲಿವೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಬೇಟೆಗೆ ಹೋಗೋರು ಟೆಂಟಿನ ತೂಕವನ್ನ ಹೋಗುವ ದಿನಕ್ಕಲ್ಲ, ವಾಪಸ್ ಬರುವ ದಿನಕ್ಕೆ ಲೆಕ್ಕ ಹಾಕ್ತಾರೆ. ಒಂದು ಎಲ್ಕ್ ಸಿಕ್ಕರೆ ಮೂಳೆ ತೆಗೆದ ಮೇಲೂ ಹತ್ತಿರ ಹತ್ತಿರ 80 ಕೆಜಿ ಮಾಂಸ ಬೆನ್ನ ಮೇಲೆ ಬರುತ್ತೆ. ಹಾಗಾಗಿ ರಸ್ತೆ ಪಕ್ಕದ ಶಿಬಿರಕ್ಕೆ ಕ್ಯಾನ್ವಾಸ್ ಟೆಂಟು, ನಡೆದು ಹೋಗೋದಾದರೆ ಸಿಲಿಕೋನ್ ಲೇಪಿಸಿದ ನೈಲಾನಿನ, ತಳವಿಲ್ಲದ ಶಂಕುವಿನಾಕಾರದ್ದು. ನಾಲ್ಕು ಜನರದ್ದು ಎರಡರಿಂದ ಮೂರು ಕೆಜಿ ಅಷ್ಟೇ. ಒಳಗೆ ಮಡಚುವ ಟೈಟಾನಿಯಂ ಒಲೆ, ಮೇಲೆ ಹೊಗೆ ಕೊಳವೆ. ಟೀಪಿಯೇ ಅಲ್ವಾ? ಆದ್ರೆ ಒಲೆ ಇದ್ದ ಕಡೆ ಗಾಳಿ ಆಡಲೇಬೇಕು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇರಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ.

ನಮ್ಮ ಟ್ರೆಕ್‌ಗಳಿಗೆ ಇದರಲ್ಲಿ ಏನು ತಗೋಬಹುದು? ‘ನಾಲ್ಕು ಜನರ ಟೆಂಟ್’ ಅಂದ್ರೆ ನಾಲ್ಕು ಚಾಪೆ ಒತ್ತೊತ್ತಾಗಿ ಹಿಡಿಯೋ ಜಾಗ, ಬ್ಯಾಗುಗಳಿಗೆ ಜಾಗ ಇಲ್ಲ. ಮೂರು ಜನಕ್ಕೆ ನಾಲ್ಕರದ್ದು ತಗೊಳ್ಳಿ. ಪಶ್ಚಿಮ ಘಟ್ಟದಲ್ಲಿ ತಳವಿಲ್ಲದ್ದು ಬೇಡವೇ ಬೇಡ, ಜಿಗಣೆ ಅತಿಥಿಯಾಗಿ ಬರುತ್ತೆ. ಬೆಳಿಗ್ಗೆ ಒಳಗೆಲ್ಲ ನೀರು ಕಂಡರೆ ಟೆಂಟ್ ಸೋರಿದೆ ಅಂತ ಬೈಯಬೇಡಿ, ಅದು ಹೆಚ್ಚಾಗಿ ನಿಮ್ಮದೇ ಉಸಿರು. ರಾತ್ರಿ ಗಾಳಿಕಿಂಡಿ ತೆರೆದಿಡಿ. ಬಟ್ಟೆ ಒಬ್ಬರು, ಕಂಬ ಒಬ್ಬರು, ಮೊಳೆ ಇನ್ನೊಬ್ಬರು ಹಂಚಿಕೊಂಡರೆ ಯಾರೊಬ್ಬರಿಗೂ ಪೂರ್ತಿ ಭಾರ ಬೀಳಲ್ಲ.

ಆ ಟ್ರೆಕ್‌ನಲ್ಲಿ ಟೆಂಟ್ ಹೊತ್ತಿದ್ದು ಹೇಸರಗತ್ತೆ. ಅದನ್ನ ನಡೆಸುತ್ತಿದ್ದ ಹುಡುಗನಿಗೆ ನನಗಿಂತ ಏಳೆಂಟು ವರ್ಷ ಕಡಿಮೆ. ಮಳೆ ಬಂದ ದಿನ ಒದ್ದೆ ಟೆಂಟುಗಳನ್ನ ಹೇರುವಾಗ ಅವನು ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವನಿಗೆ ಸಂಬಳ ಇತ್ತು, ಬೇಗಾರ್ ಅಲ್ಲ, ಆ ಕೆಲಸ ಅವನಿಗೆ ಬೇಕಿತ್ತು ಕೂಡ. ಆದ್ರೆ ದಿನಕ್ಕೆ ಎಷ್ಟು ಅಂತ ನಾನು ಕೇಳಿದ್ದು ಕೊನೆಯ ದಿನ. ವಾಪಸ್ ಬರ್ತಾ ಬಾಗೇಶ್ವರದ ಸೇತುವೆ ಮೇಲೆ ನಿಂತು ಸರಯೂ ನೋಡುವಾಗ ತಲೆಯಲ್ಲಿ ಅದೇ ಇತ್ತು.

ಈ ವರ್ಷ ನಾವು ಮತ್ತೆ ಹೊರಟಿದ್ದೀವಿ. ಟೆಂಟ್ ನಾವೇ ಹೊರೋದು ಅಂತ ವಾಟ್ಸಾಪ್ ಗುಂಪಲ್ಲಿ ಜಗಳ ಮಾಡಿ ಒಪ್ಪಿಸಿದ್ದೀನಿ. ಅಡುಗೆ ಸಾಮಾನಿಗೆ ಜನ ಬೇಕೇ ಬೇಕು, ಅವರ ದಿನಗೂಲಿ ಎಷ್ಟು ಅಂತ ಮೊದಲ ಫೋನಲ್ಲೇ ಕೇಳಿದ್ದೀನಿ. ನೀವೂ ಬುಕ್ ಮಾಡುವಾಗ ಇದೊಂದು ಪ್ರಶ್ನೆ ಕೇಳಿ ನೋಡಿ.

ಮುಂದಿನ ವಾರ ಸಿಗೋಣ.